ಗಲಿಪೊಲಿಯಿಂದ ಟ್ರಾಯ್‌ಗೆ, ಬೈಕ್‌ನಲ್ಲಿ

ಈ ಪ್ರವಾಸಕ್ಕೆ ನಾನು ಮೊದಲು ಹಾಕಿದ್ದ ಪ್ಲ್ಯಾನ್ ನೋಡಿದರೆ ಈಗ ನಗು ಬರುತ್ತದೆ. ಐದು ದಿನದಲ್ಲಿ ಟರ್ಕಿಯ ಗಲಿಪೊಲಿ, ಟ್ರಾಯ್, ಅಸ್ಸೋಸ್, ಪರ್ಗಮನ್, ಎಫೆಸಸ್, ಎಲ್ಲಾ ಬರೆದುಕೊಂಡಿದ್ದೆ. ಕೊನೆಗೆ ನೋಡಿದ್ದು ಮೊದಲ ಮೂರನ್ನು ಮಾತ್ರ. ಅದೂ ಜಾಸ್ತಿಯೇ ಆಯಿತು.

ಬೈಕ್ ಬಾಡಿಗೆಗೆ ಹಿಡಿದದ್ದು ಇಸ್ತಾಂಬುಲ್‌ನಲ್ಲಿ. ಹೊರಡುವ ಮೊದಲೇ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಅದರಲ್ಲಿ ಮೋಟಾರ್‌ಸೈಕಲ್ ಎದುರು ಸೀಲ್ ಬಿದ್ದಿದೆಯಾ ಅಂತ ನೋಡಿಕೊಳ್ಳಿ, ಕಾರಿನ ಎದುರು ಮಾತ್ರ ಇದ್ದರೆ ಸಾಲದು. ಟರ್ಕಿಯಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ನೇರ ರಸ್ತೆಯಲ್ಲಿ ಇದು ಕಷ್ಟವೇ ಅಲ್ಲ. ಪೆಟ್ರೋಲ್ ಬಂಕ್‌ನಿಂದ ಹೊರಗೆ ಬರುವಾಗ ಮಾತ್ರ ಬೈಕ್ ತಾನಾಗಿ ಎಡಕ್ಕೆ ಎಳೆಯುತ್ತದೆ. ಎರಡು ಸಲ ಹಾಗಾದ ಮೇಲೆ ಟ್ಯಾಂಕ್ ಮೇಲೆ ಟೇಪ್‌ನಿಂದ ಬಲಕ್ಕೊಂದು ಬಾಣ ಅಂಟಿಸಿಕೊಂಡೆ.

ಗಲಿಪೊಲಿ ಅಂದರೆ ನಾಲಿಗೆಯ ಹಾಗೆ ಚಾಚಿಕೊಂಡ ನೆಲ. ಒಂದು ಕಡೆ ಏಜಿಯನ್ ಸಮುದ್ರ, ಇನ್ನೊಂದು ಕಡೆ ಡಾರ್ಡನೆಲ್ಸ್ ಜಲಸಂಧಿ. ಮೊದಲನೇ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 25ರಂದು, ಬ್ರಿಟಿಷ್, ಫ್ರೆಂಚ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪಡೆಗಳು ತುರ್ಕರ ಮೇಲೆ ದಾಳಿಗೆ ಈ ಕಡೆ ಬಂದು ಇಳಿದವು. ಜಲಸಂಧಿ ಹಿಡಿದರೆ ಇಸ್ತಾಂಬುಲ್‌ಗೆ ದಾರಿ ಆಯಿತು ಅನ್ನುವುದು ಅವರ ಲೆಕ್ಕ. ಲೆಕ್ಕ ತಪ್ಪಿತು. 1916ರ ಜನವರಿಯಲ್ಲಿ ಉಳಿದವರೆಲ್ಲ ವಾಪಸ್ ಹೋದರು.

ಟೂರ್ ಬಸ್‌ಗಳು ನಾಲ್ಕಾರು ಹೆಸರಾದ ಜಾಗದಲ್ಲಿ ನಿಲ್ಲಿಸಿ ಹೊರಟುಬಿಡುತ್ತವೆ. ಬ್ರಿಟನ್ ಮತ್ತು ಅದರ ಆಳ್ವಿಕೆಯ ದೇಶಗಳ ಸೈನಿಕರ ಕಾಮನ್‌ವೆಲ್ತ್ ಸ್ಮಶಾನಗಳೇ ಇಲ್ಲಿ 31 ಇವೆ. ಬೈಕ್‌ನಿಂದ ಆದ ಲಾಭ ಇದೇ. ಸಣ್ಣದೊಂದು ಬೋರ್ಡ್ ಕಂಡರೂ ಸೈಡ್ ಸ್ಟ್ಯಾಂಡ್ ಹಾಕಿ ಇಳಿಯಬಹುದು. ಮೊದಲ ದಿನ ನಾನು ಓಡಿಸಿದ್ದು ಮೂವತ್ತು ಕಿಲೋಮೀಟರ್ ಕೂಡ ಇರಲಿಕ್ಕಿಲ್ಲ.

ಲೋನ್ ಪೈನ್ ಸ್ಮಶಾನದಿಂದ ಗುಡ್ಡದ ನೆತ್ತಿಗೆ ಹೋಗುವ ರಸ್ತೆಯಲ್ಲಿ ಎರಡನೇ ಗೇರ್ ದಾಟಲಿಲ್ಲ. ಈ ರಸ್ತೆ ಹೆಚ್ಚುಕಮ್ಮಿ ಎರಡು ಸೈನ್ಯಗಳ ನಡುವೆ ಇದ್ದ ಜಾಗದಲ್ಲೇ ಹೋಗುತ್ತದೆ. ಹತ್ತುವಾಗ ಎಡಗಡೆ ಆಸ್ಟ್ರೇಲಿಯನ್ನರ ಕಂದಕ, ಬಲಗಡೆ ತುರ್ಕರದ್ದು. ಕ್ವಿನ್ಸ್ ಪೋಸ್ಟ್ ಅನ್ನುವ ಜಾಗದ ಹತ್ತಿರ ಇವೆರಡರ ನಡುವೆ ಕೆಲವೇ ಮೀಟರ್. ಆ ಕಡೆಯಿಂದ ಬಂದು ಬಿದ್ದ ಕೈಬಾಂಬನ್ನು ಸಿಡಿಯುವ ಮೊದಲೇ ಎತ್ತಿ ವಾಪಸ್ ಎಸೆಯುತ್ತಿದ್ದರಂತೆ. ಅದೇ ರಸ್ತೆಯ ಜಾನ್‌ಸ್ಟನ್ಸ್ ಜಾಲಿ ಅನ್ನುವ ಜಾಗದಲ್ಲಿ ಎಂಜಿನ್ ಆಫ್ ಮಾಡಿ ಮರಗಳ ಒಳಗೆ ನಾಲ್ಕು ಹೆಜ್ಜೆ ಇಟ್ಟೆ. ಕಂದಕ ಹಾಗೇ ಇದೆ. ಮಣ್ಣು ಕುಸಿದು ಆಳ ಕಮ್ಮಿಯಾಗಿದೆ, ತಳದಲ್ಲಿ ಒಣಗಿದ ಪೈನ್ ಎಲೆ.

ದಿ ನೆಕ್ ಅನ್ನುವ ಕಿರಿದಾದ ದಿಣ್ಣೆಯಲ್ಲಿ ತುಂಬ ಹೊತ್ತು ಕೂತೆ. 1915ರ ಆಗಸ್ಟ್ 7ರ ಬೆಳಗಿನ ಜಾವ ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಅನ್ನುವ ಕುದುರೆ ದಳದ ಸೈನಿಕರು ಕುದುರೆಯಿಲ್ಲದೆ, ಕಾಲಲ್ಲೇ, ಮೆಷಿನ್ ಗನ್ ಎದುರು ಓಡಿದ ಜಾಗ ಅದು. ಮೊದಲ ಸಾಲು ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೂ ಎರಡನೇ ಸಾಲು ಹೋಯಿತು, ಮೂರನೆಯದೂ ಹೋಯಿತು. 300ಕ್ಕೂ ಹೆಚ್ಚು ಜನ ಇಲ್ಲಿ ಮಣ್ಣಾಗಿದ್ದಾರೆ. ಹೆಸರಿರುವ ಕಲ್ಲು ಮಾತ್ರ ಬೆರಳೆಣಿಕೆಯಷ್ಟು. ಬಾಕಿಯೆಲ್ಲ ಸುಮ್ನೆ ಹುಲ್ಲು.

ಎರಡನೇ ದಿನ ದಕ್ಷಿಣದ ತುದಿಗೆ ಹೋದೆ. ಹೆಲೆಸ್ ಸ್ಮಾರಕ 30 ಮೀಟರ್‌ಗಿಂತ ಎತ್ತರದ ಕಲ್ಲಿನ ಕಂಬ. ಸುತ್ತಲಿನ ಗೋಡೆಗಳ ಮೇಲೆ 20,000ಕ್ಕೂ ಹೆಚ್ಚು ಹೆಸರು. ಓದುತ್ತಾ ಹೋದ ಹಾಗೆ ಇಂಗ್ಲಿಷ್ ಹೆಸರು ಮುಗಿದು ಸಿಂಗ್, ಸಿಂಗ್, ಸಿಂಗ್ ಅಂತ ಶುರುವಾಯಿತು. ಆಮೇಲೆ ಗೂರ್ಖಾಗಳು. 14ನೇ ಸಿಖ್ ದಳ ಜೂನ್ 4ರ ಒಂದೇ ದಾಳಿಯಲ್ಲಿ ತನ್ನ ಬಹುಪಾಲು ಜನರನ್ನು ಕಳೆದುಕೊಂಡಿತ್ತು. ಗುಡ್ಡದ ಮೇಲಿನ ಕಂದಕಗಳಿಗೆ ಹೇಸರಗತ್ತೆಗಳ ಮೇಲೆ ನೀರು, ಮದ್ದುಗುಂಡು ಹೊತ್ತು ತಂದವರಲ್ಲೂ ಭಾರತದವರಿದ್ದರು. ನಮ್ಮ ಕಡೆ ವೀರಗಲ್ಲಿನಲ್ಲಿ ಸತ್ತವನ ಆಕಾರವನ್ನೇ ಕೆತ್ತುತ್ತಾರೆ. ಇಲ್ಲಿ ಬರೀ ಅಕ್ಷರ. ಆದರೂ ಬೆರಳಿಟ್ಟು ಓದಿದೆ.

ಅಲ್ಲಿಂದ ಕೆಳಗೆ ವಿ ಬೀಚ್. ಸಣ್ಣ ತೀರ, ಪಕ್ಕದಲ್ಲೇ ಹಳೇ ಕೋಟೆ. ರಿವರ್ ಕ್ಲೈಡ್ ಅನ್ನುವ ಕಲ್ಲಿದ್ದಲು ಹಡಗಿನೊಳಗೆ ಸುಮಾರು 2,000 ಸೈನಿಕರನ್ನು ಬಚ್ಚಿಟ್ಟು ಇದೇ ತೀರಕ್ಕೆ ಬೇಕಂತಲೇ ಗುದ್ದಿಸಿದ್ದರು. ಹೊರಬರಲು ಹಡಗಿನ ಪಕ್ಕೆಯಲ್ಲಿ ಬಾಗಿಲು ಕೊರೆದಿದ್ದರು. ಗ್ರೀಕರು ಒಳಗೆ ಸೈನಿಕರನ್ನು ಬಚ್ಚಿಟ್ಟು ಟ್ರಾಯ್ ಊರೊಳಗೆ ಸೇರಿಸಿದ ಮರದ ಕುದುರೆಯ ಉಪಾಯವೇ ಅಲ್ವಾ? ಆದರೆ ತುರ್ಕರು ಬಂದೂಕು ಹಿಡಿದು ಕಾಯುತ್ತಿದ್ದರು. ಬಾಗಿಲು ದಾಟಿದವರು ದಾಟಿದ ಹಾಗೇ ಬಿದ್ದರು. ಹಡಗು ಮಾತ್ರ ಗಟ್ಟಿ. ರಿಪೇರಿಯಾಗಿ ಬೇರೆಯವರ ಕೈಗೆ ಹೋಗಿ 1966ರವರೆಗೂ ಬದುಕಿತ್ತು.

ಈ ಕಥೆ ತಲೆಯಲ್ಲಿ ಇಟ್ಟುಕೊಂಡೇ ಜಲಸಂಧಿಯ ಆಚೆ ದಡದ ಚನಕ್ಕಲೆ ಊರಿಗೆ ಫೆರಿ ಹತ್ತಿದೆ. ಫೆರಿಯಲ್ಲಿ ಬೈಕ್ ಗೇರ್‌ನಲ್ಲಿ ಬಿಟ್ಟು ಪಕ್ಕದಲ್ಲೇ ನಿಂತಿದ್ದೆ. ಚಹಾ ಕುಡಿಯಲು ಮೇಲೆ ಹೋದವರೊಬ್ಬರ ಸ್ಕೂಟರ್ ಅಡ್ಡ ಬಿತ್ತು. ಚನಕ್ಕಲೆಯಿಂದ ಟ್ರಾಯ್ ಸುಮಾರು 30 ಕಿಲೋಮೀಟರ್. ಬಾಗಿಲಲ್ಲೇ ದೊಡ್ಡ ಮರದ ಕುದುರೆ ನಿಲ್ಲಿಸಿದ್ದಾರೆ. ಫೋಟೋಗೆ ಚೆನ್ನಾಗಿದೆ, ಅಷ್ಟೇ. ನೋಡಬೇಕಾದದ್ದು ಮಣ್ಣು. ಒಂದರ ಮೇಲೊಂದು ಒಂಬತ್ತು ಊರು, ಅಡಿಯದ್ದು ಸುಮಾರು 5,000 ವರ್ಷ ಹಳೆಯದು. ಯಾವ ಪದರ ಯಾವ ಊರಿನದು ಅಂತ ಅಂಕಿ ಚುಚ್ಚಿದ್ದಾರೆ. ನಡುವೆ ಹಳೇ ಊರು ಹುಡುಕಲು ಬಂದ ಜರ್ಮನಿಯ ಶ್ಲೀಮನ್ ಅಗೆಸಿದ ದೊಡ್ಡ ಕಾಲುವೆ ಬಾಯಿ ಬಿಟ್ಟುಕೊಂಡಿದೆ. ಟ್ರಾಯ್ ಯುದ್ಧದ ಕಥೆ ಹಾಡಿದ ಗ್ರೀಕ್ ಕವಿ ಹೋಮರನ ಟ್ರಾಯ್ ತಳದಲ್ಲೇ ಇರಬೇಕು ಅಂತ ಅವನು ಮೇಲಿನದ್ದನ್ನೆಲ್ಲ ಕಿತ್ತು ಹಾಕಿದ. 1873ರಲ್ಲಿ ಚಿನ್ನ ಸಿಕ್ಕಿತು. ಅದು ಆ ಕಥೆಯ ಟ್ರಾಯ್ ರಾಜ ಪ್ರಿಯಾಮ್‌ನದ್ದು ಅಂದ. ನೋಡಿದರೆ ಅದು ಆ ಯುದ್ಧಕ್ಕಿಂತ ಸಾವಿರ ವರ್ಷ ಹಿಂದಿನದು. ನನಗೇನೋ ಆ ಕಾಲುವೆಯೂ ಒಂದು ಕಂದಕದ ಹಾಗೇ ಕಂಡಿತು.

ಒಂದು ತಪ್ಪು ಹೇಳಿಬಿಡುತ್ತೇನೆ. ಟ್ರಾಯ್‌ನಲ್ಲಿ ರೈಡಿಂಗ್ ಜಾಕೆಟ್, ಬೂಟು ಎಲ್ಲಾ ಹಾಕಿಕೊಂಡೇ ಸುತ್ತಿದೆ. ಮಧ್ಯಾಹ್ನದ ಬಿಸಿಲಿಗೆ ಅರ್ಧಕ್ಕೇ ತಲೆ ತಿರುಗಿತು. ಅಸ್ಸೋಸ್‌ಗೆ ಹೋಗುವ ಹೊತ್ತಿಗೆ ಬುದ್ಧಿ ಬಂತು. ಜಾಕೆಟ್ ತೋಳಿನೊಳಗಿಂದ, ಹೆಲ್ಮೆಟ್ ಬಾಯಿಯೊಳಗಿಂದ ಒಂದು ಕೇಬಲ್ ಲಾಕ್ ತೂರಿಸಿ ಬೈಕ್‌ಗೇ ಬೀಗ ಹಾಕಿದೆ. ಚಪ್ಪಲಿ ಹಾಕಿಕೊಂಡು ಅಥೇನಾ ಗುಡಿಗೆ ಹತ್ತಿದೆ. ಎದುರಿಗೇ ಸಮುದ್ರದಾಚೆ ಲೆಸ್ಬೋಸ್ ದ್ವೀಪ. ಅರಿಸ್ಟಾಟಲ್ ಈ ಊರಲ್ಲಿ ಕೆಲವು ವರ್ಷ ಇದ್ದ. ಆಮೇಲೆ ಬೈಕ್‌ನಲ್ಲಿ ಊರಿಂದ ಇಳಿಯುವಾಗ ಸವೆದು ನುಣುಪಾದ ಕಲ್ಲು ಹಾಸಿನ ಮೇಲೆ ಮುಂದಿನ ಬ್ರೇಕ್ ಹಿಡಿದು ಬೈಕ್ ಬೀಳಿಸಿದೆ. ಕ್ಲಚ್ ಲಿವರ್ ಬಾಗಿತು, ಮೊಣಕಾಲು ತರಚಿತು. ಅಂಥ ಕಡೆ ಮೊದಲ ಗೇರ್, ಹಿಂದಿನ ಬ್ರೇಕ್, ಅಷ್ಟೇ.

ವಾಪಸ್ ಬರುವಾಗ ಫೆರಿ ಬಿಟ್ಟು 2022ರಲ್ಲಿ ತೆರೆದ ಹೊಸ ಸೇತುವೆ ಹಿಡಿದೆ. ಅದರ ಹೆಸರೇ 1915 ಚನಕ್ಕಲೆ. ಗೋಪುರಗಳ ಎತ್ತರ 318 ಮೀಟರ್. 1915ರ ಮಾರ್ಚ್ 18ರಂದು ಬ್ರಿಟಿಷ್, ಫ್ರೆಂಚ್ ಯುದ್ಧನೌಕೆಗಳನ್ನು ತುರ್ಕರು ಹಿಮ್ಮೆಟ್ಟಿಸಿದ ನೆನಪಿಗೆ ಆ ಅಂಕಿ: ಮೂರನೇ ತಿಂಗಳು, 18ನೇ ದಿನ. ಅಂದರೆ ಅದೂ ಒಂದು ಸ್ಮಾರಕವೇ. ನಡುವಿನ ಹರವು 2,023 ಮೀಟರ್, ಅಷ್ಟುದ್ದಕ್ಕೂ ಅಡ್ಡಗಾಳಿ. ಮೊಣಕಾಲು ಟ್ಯಾಂಕ್‌ಗೆ ಒತ್ತಿ, ಬಾಗಿದ ಲಿವರ್ ಹಿಡಿದು ದಾಟಿದೆ. ಒಂದು ಸಲವೂ ಪಕ್ಕಕ್ಕೆ ತಿರುಗಿ ನೀರು ನೋಡಲು ಆಗಲಿಲ್ಲ.