ಚುಕ್ಕಿಯ ಕಾಲೆತ್ತಿದ ವರ್ಷಗಳು

ಚುಕ್ಕಿ ನಮ್ಮ ಲಾಯಕ್ಕೆ ಬಂದಾಗ ನನಗೆ ಎಂಟು ವರ್ಷ, ಅದಕ್ಕೆ ಆರು. ಐದನೆಯ ವರ್ಷಕ್ಕೆ ಕುದುರೆಯ ಹಾಲುಹಲ್ಲುಗಳೆಲ್ಲ ಬಿದ್ದು ಮುಂಬಲ್ಲುಗಳು ಪೂರ್ತಿ ಬಂದಿರುತ್ತವೆ; ಆಮೇಲೆ ಅವುಗಳ ಮೇಲ್ಮೈಯ ಗುಳಿ ಎಷ್ಟು ಸವೆದಿದೆ ಎಂಬುದನ್ನು ನೋಡಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುವುದುಂಟು, ಆದರೆ ಇದು ಹಣ ಕೊಟ್ಟು ತಂದ ಕುದುರೆಯಾದ್ದರಿಂದ ಅಪ್ಪ ಸಂಕೋಚವಿಲ್ಲದೆ ಅದರ ತುಟಿ ಎತ್ತಿ ನನಗೂ ತೋರಿಸಿದರು. ನನ್ನ ಕಣ್ಣೆಲ್ಲ ಅದರ ಬೆನ್ನಿನ ಮೇಲೆಯೇ ಇತ್ತು. ಅಪ್ಪನ ಕಟ್ಟಳೆ ಮಾತ್ರ ಬೇರೆಯಾಗಿತ್ತು: ನಾಲ್ಕೂ ಕಾಲುಗಳನ್ನು ನಾನೊಬ್ಬನೇ ಎತ್ತಿ ಗೊರಸು ಶುಚಿಮಾಡುವವರೆಗೆ ಜೀನನ್ನು ಮುಟ್ಟುವಂತಿಲ್ಲ.

ಆ ಕೆಲಸ ಕಲಿಯಲು ನನಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಹಿಡಿಯಿತು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಅದು ಸುತ್ತಲಿನ ಬಹುಭಾಗವನ್ನು ಕಾಣುತ್ತದೆಯಾದರೂ ನೇರ ಹಿಂಬದಿ ಮತ್ತು ಹಣೆಯ ಎದುರಿನ ಸ್ವಲ್ಪ ಜಾಗ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಮಾತನಾಡುತ್ತಾ, ಪಕ್ಕದಿಂದ, ಭುಜದ ಬಳಿಗೆ ಹೋಗಬೇಕು. ಬಾಲದ ಕಡೆಗೆ ಮುಖಮಾಡಿ ನಿಂತು, ಅಂಗೈಯನ್ನು ಭುಜದಿಂದ ಕೆಳಕ್ಕೆ ಬಿಡದೆ ಸವರುತ್ತಾ ಹೋಗಿ, ಗಿಣ್ಣಿನ ಮೇಲ್ಭಾಗದಲ್ಲಿ ಕಾಲಿನ ಹಿಂಬದಿಯ ಗಟ್ಟಿ ನರವನ್ನು ಬೆರಳುಗಳಿಂದ ಮೆಲ್ಲಗೆ ಒತ್ತಿದರೆ ಕಲಿತ ಕುದುರೆ ಕಾಲೆತ್ತುತ್ತದೆ. ಚುಕ್ಕಿ ಎತ್ತುತ್ತಿರಲಿಲ್ಲ. ನಾನು ಒತ್ತಿದಷ್ಟೂ ಅದೇ ಕಾಲಿನ ಮೇಲೆ ಭಾರ ಹಾಕಿ, ಕತ್ತು ತಿರುಗಿಸಿ ನನ್ನ ಅಂಗಿಯ ಬೆನ್ನನ್ನು ಮೂಸುತ್ತಾ ನಿಲ್ಲುತ್ತಿತ್ತು. ನಾನೂರು ಕಿಲೋ ತೂಕದ ಪ್ರಾಣಿಯ ಕಾಲನ್ನು ಬಲದಿಂದ ಎತ್ತುವುದು ಆಗದ ಮಾತು ಎಂದು ತಿಳಿಯಲು ಎಂಟು ವರ್ಷದ ಹುಡುಗನಿಗೆ ಅಷ್ಟು ದಿನ ಏಕೆ ಬೇಕಾಯಿತೋ! ಕೊನೆಗೊಂದು ದಿನ ಎಳೆಯುವುದನ್ನು ಬಿಟ್ಟು, ನನ್ನ ಭುಜವನ್ನು ಅದರ ಭುಜಕ್ಕೆ ಸುಮ್ಮನೆ ಆನಿಸಿ ಕಾದೆ. ಅದು ಉಸಿರು ಬಿಟ್ಟು ಭಾರವನ್ನು ಆಚೆಯ ಕಾಲಿಗೆ ಸರಿಸಿತು, ಗೊರಸು ತಾನಾಗಿ ನನ್ನ ಕೈಗೆ ಬಂತು.

ಗೊರಸಿನ ತಳದಲ್ಲಿ ರಬ್ಬರಿನಂತೆ ಮೆತ್ತಗಿರುವ ತ್ರಿಕೋನಾಕಾರದ ಭಾಗವೊಂದಿದೆ. ಅದರ ಎರಡೂ ಬದಿಯ ಸೀಳುಗಳಲ್ಲಿ ಮಣ್ಣು, ಸಗಣಿ, ಸಣ್ಣ ಕಲ್ಲುಗಳು ಸಿಕ್ಕಿಕೊಳ್ಳುತ್ತವೆ. ಕೊಕ್ಕೆಯನ್ನು ಯಾವಾಗಲೂ ಹಿಮ್ಮಡಿಯಿಂದ ತುದಿಯ ಕಡೆಗೆ ಎಳೆಯಬೇಕು. ಒಳಗೆ ಕಪ್ಪು ಪದಾರ್ಥ ಕಂಡು, ಕೊಳೆತ ವಾಸನೆ ಮೂಗಿಗೆ ಹೊಡೆದರೆ ಸೋಂಕು ಹಿಡಿದಿದೆ ಎಂದರ್ಥ. ಹಾಗಾಗಲು ಮುಖ್ಯ ಕಾರಣ ಒದ್ದೆ ನೆಲ, ಅಂದರೆ ಲಾಯವನ್ನು ಸರಿಯಾಗಿ ಗುಡಿಸದವನು, ಅಂದರೆ ನಾನು.

ಹನ್ನೊಂದನೆಯ ವಯಸ್ಸಿನಲ್ಲಿ ಪ್ರೀತಿಯ ಹೆಸರಿನಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಅಪ್ಪ ಇಲ್ಲದ ಸಂಜೆ, ಅಳತೆಯ ಕಾಳಿನ ಮೇಲೆ ಇನ್ನೊಂದು ಅರ್ಧ ಬಕೆಟ್ ಸುರಿದೆ. ದೇಹಕ್ಕೆ ಹೋಲಿಸಿದರೆ ಕುದುರೆಯ ಜಠರ ಬಹಳ ಚಿಕ್ಕದು, ದಿನವಿಡೀ ಸ್ವಲ್ಪಸ್ವಲ್ಪವಾಗಿ ಹುಲ್ಲು ಮೇಯಲೆಂದು ಆದದ್ದು. ಮೇಲಾಗಿ ಕುದುರೆ ವಾಂತಿ ಮಾಡಲಾರದು, ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ರಾತ್ರಿ ಹತ್ತರ ಹೊತ್ತಿಗೆ ಚುಕ್ಕಿ ಮುಂಗಾಲಿನಿಂದ ನೆಲ ಕೆರೆಯುತ್ತಾ, ಪದೇಪದೇ ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿತ್ತು. ಹೊಟ್ಟೆಗೆ ಕಿವಿಯಿಟ್ಟೆ. ಎಂದೂ ನಿಲ್ಲದ ಗುಡುಗುಡು ಸದ್ದು ಇರಲಿಲ್ಲ. ದವಡೆಯ ಅಂಚಿನ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. 15 ಸೆಕೆಂಡಿಗೆ 15 ಬಡಿತ ಎಣಿಸಿದೆ. ನಿಮಿಷಕ್ಕೆ 60 ಆಯಿತು, ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಗೆ ಅದು 28ರಿಂದ 44ರ ಒಳಗಿರಬೇಕು. ಪಶುವೈದ್ಯರು ಬರುವವರೆಗೆ ಅದು ನೆಲಕ್ಕೆ ಬಿದ್ದು ಹೊರಳದಂತೆ ಹಗ್ಗ ಹಿಡಿದು ಅಂಗಳದಲ್ಲಿ ನಡೆಸಿದೆ. ಅವರು ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿ ಗಾಳಿ ಮತ್ತು ನೀರನ್ನು ಹೊರತೆಗೆದರು. ಬೆಳಗಿನ ಜಾವ ಅದು ಲದ್ದಿ ಹಾಕಿದಾಗ ಅಪ್ಪ ಮತ್ತು ನಾನು ಹಬ್ಬ ಬಂದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಪ್ಪ ಬೈಯಲಿಲ್ಲ. ಮರುದಿನದಿಂದ ಪ್ರತಿ ಹೊತ್ತಿನ ಮೇವನ್ನೂ ತೂಗಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ನನಗೆ ವಹಿಸಿದರು, ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಸವಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಲಗಾಮನ್ನು ಜೋಲುಬೀಳುವಷ್ಟು ಸಡಿಲಬಿಡದೆ, ಬಾಯಿ ನೋಯುವಷ್ಟು ಬಿಗಿಯದೆ ಹಿಡಿಯುವುದನ್ನು ವರ್ಷಗಳಲ್ಲಿ ಕಲಿತೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಒಂದು ಮಧ್ಯಾಹ್ನ. ಕುದುರೆ ಮೊಣಕಾಲನ್ನು ಬಿಗಿಗೊಳಿಸಿಕೊಂಡು ನಿಂತೇ ತೂಕಡಿಸಬಲ್ಲದು, ಆದರೆ ಗಾಢವಾದ ಕನಸಿನ ನಿದ್ದೆಗೆ ಮಲಗಲೇಬೇಕು. ಅಪಾಯವಿಲ್ಲ ಎಂದು ಖಚಿತವಾದರೆ ಮಾತ್ರ ಅದು ಮಲಗುತ್ತದೆ. ಆ ದಿನ ಲಾಯದ ಬಾಗಿಲು ತೆರೆದಾಗ ಚುಕ್ಕಿ ಪಕ್ಕಕ್ಕೆ ಒರಗಿ, ಮೂತಿಯನ್ನು ಹುಲ್ಲಿನ ಮೇಲಿಟ್ಟು ಸಣ್ಣಗೆ ಗೊರಕೆ ಹೊಡೆಯುತ್ತಿತ್ತು. ನನ್ನ ಹೆಜ್ಜೆಯ ಸದ್ದಿಗೆ ಒಂದು ಕಿವಿಯಷ್ಟೇ ಈ ಕಡೆ ತಿರುಗಿ, ಮತ್ತೆ ಸಡಿಲವಾಯಿತು. ಅದು ಏಳಲಿಲ್ಲ. ಅದರ ಜೂಲಿನ ಬಳಿ ಕುಳಿತು, ಶಾಲೆಯ ಲೆಕ್ಕಗಳನ್ನು ಅಲ್ಲಿಯೇ ಮಾಡಿ ಮುಗಿಸಿದೆ.

ನಾನು ದೊಡ್ಡವನಾಗುವ ವೇಗಕ್ಕಿಂತ ಅದು ಮುದಿಯಾಗುವ ವೇಗ ಹೆಚ್ಚು ಎಂಬುದನ್ನು ಬಹಳ ತಡವಾಗಿ ಗಮನಿಸಿದೆ. ಅದರ 23ನೆಯ ವಯಸ್ಸಿನ ಹೊತ್ತಿಗೆ ಕಣ್ಣಿನ ಮೇಲಿನ ಗುಳಿಗಳು ಆಳವಾಗಿದ್ದವು, ದವಡೆಹಲ್ಲುಗಳು ಸವೆದು ಅರ್ಧ ಅಗಿದ ಹುಲ್ಲಿನ ಉಂಡೆಗಳು ಬಾಯಿಂದ ಉದುರುತ್ತಿದ್ದವು. ಅಂದಿನಿಂದ ಮೇವನ್ನು ನೀರಿನಲ್ಲಿ ನೆನೆಸಿ, ಗಂಜಿಯ ಹದಕ್ಕೆ ತಂದು, ದಿನಕ್ಕೆ ನಾಲ್ಕು ಸಲ ಕೊಡುತ್ತಿದ್ದೆವು. ಚುಕ್ಕಿ ಇಪ್ಪತ್ತೆಂಟು ವರ್ಷ ಬದುಕಿತು. ಕೊನೆಯ ಚಳಿಗಾಲದಲ್ಲಿ ಕೀಲುನೋವಿನಿಂದ ಕಾಲನ್ನು ಎತ್ತರಕ್ಕೆ ಎತ್ತಲು ಅದಕ್ಕೆ ಆಗುತ್ತಿರಲಿಲ್ಲವಾದ್ದರಿಂದ ನಾನು ಬಾಗಿ ಕುಳಿತು, ಗೊರಸನ್ನು ನೆಲದಿಂದ ಒಂದು ಗೇಣಿಗಿಂತ ಮೇಲೆ ತಾರದೆ, ಅರ್ಧ ಶುಚಿಮಾಡಿ ಕೆಳಗಿಳಿಸಿ, ಸ್ವಲ್ಪ ಹೊತ್ತು ಬಿಟ್ಟು ಉಳಿದರ್ಧ ಮಾಡುತ್ತಿದ್ದೆ. ಮೂರು ಕಾಲು ಮುಗಿಸಿ ನಾಲ್ಕನೆಯದರ ಬಳಿಗೆ ನಾನು ಸುತ್ತಿಬರುವಷ್ಟರಲ್ಲಿ, ಇನ್ನೂ ಕೈ ತಾಗುವ ಮೊದಲೇ, ಅದು ಭಾರವನ್ನು ಆಚೆಗೆ ಸರಿಸಿ ಆ ಗೊರಸನ್ನು ನೆಲದಿಂದ ಎರಡು ಬೆರಳಷ್ಟು ಎತ್ತಿಕೊಂಡು ಕಾಯುತ್ತಿತ್ತು.