ಓಬವ್ವ, ಚೆಲುವಿ, ಕೆಂಪಿ: ಹಳೇ ಹೆಸರು ನಡೆಯಲ್ಲ ಅಂದವರಿಗೆ

ಮಕ್ಕಳಿಗೆ ಹೆಸರು ಹುಡುಕಿ ಕೊಡುವ ನಮ್ಮ ಕಸುಬಿನವರೇ ನಕ್ಕಿದ್ದರು. ‘ಅಜ್ಜಿ ಕಾಲದ ಹೆಸರು ಈಗ ಯಾರಿಗೆ ಬೇಕು ಮಾರಾಯ’ ಅಂದಿದ್ದರು. ಹೋದ ವರ್ಷ ನಾನು ಕೊಟ್ಟಿದ್ದರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಅಂಥದ್ದೇ. ಈಗ ಅವರೇ ಹೇಗೆ ಅಂತ ಕೇಳುತ್ತಿದ್ದಾರೆ.

ದುಡ್ಡು ಹೋಗಿದ್ದು ಶಾಸನದ ಹೆಸರುಗಳಿಗೆ. ಕರ್ನಾಟಕದ ಶಾಸನಗಳನ್ನು ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಿರುವಿ, ‘ಅಬ್ಬೆ’ ಇರುವ ಹೆಸರುಗಳನ್ನೆಲ್ಲ ಆರಿಸಿ ಪುಸ್ತಿಕೆ ಮಾಡಿಸಿದೆ. ಅಚ್ಚಿಗೆ 35,000 ರೂಪಾಯಿ ಹತ್ತಿರ ಆಯಿತು. ಅರ್ಧಕ್ಕಿಂತ ಜಾಸ್ತಿ ಪ್ರತಿ ಅಟ್ಟದ ಮೇಲಿವೆ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಅಂದರೆ ಎಲ್ಲರಿಗೂ ಗೌರವ. ಮಗುವಿಗೆ ಇಡಿ ಅಂದರೆ ಮಾತು ಬದಲಿಸುತ್ತಾರೆ. ಒಬ್ಬರಿಗೆ ದೇಕಬ್ಬೆ ಹಿಡಿಸಿತ್ತು. ಬೆಳತೂರಿನ 1057ರ ಶಾಸನದ ಕಥೆ ಗೊತ್ತಾದ ಮೇಲೆ, ಗಂಡ ಸತ್ತಾಗ ಬೆಂಕಿಗೆ ಬಿದ್ದವಳ ಹೆಸರು ಬೇಡ ಅಂದರು. ಬೇಡವೇ ಸರಿ. ಓಡಿದ್ದು ಶಾಂತಲೆ ಒಂದೇ. ಬೇಲೂರು ನೋಡಿ ಬಂದವರಿಗೆ ಅದನ್ನು ಹೇಳೋಕೆ ನಾನು ಯಾಕೆ?

ದಾರಿ ಸಿಕ್ಕಿದ್ದು ಮತದಾರರ ಪಟ್ಟಿಯಲ್ಲಿ. ಎಂಬತ್ತು ದಾಟಿದವರ ಹೆಸರನ್ನು ಎಲ್ಲರೂ ನೋಡುತ್ತಾರೆ. ನೋಡಬೇಕಾದ್ದು ಕೆಳಗಿನ ಸಾಲು, ತಂದೆಯ ಹೆಸರು. ಅದು 1900ರ ಆಸುಪಾಸು ಇಟ್ಟ ಹೆಸರು. ಪುಟದ ಚಿತ್ರದಿಂದ ಅಕ್ಷರ ಓದುವ ಓಸಿಆರ್ ತಂತ್ರಾಂಶ ನಂಬಬೇಡಿ, ಒತ್ತಕ್ಷರ ನುಂಗುತ್ತದೆ. ದ್ಯಾಮವ್ವ ‘ದಾಮವ’ ಆಗಿ ಬರುತ್ತಾಳೆ. ಕೊನೆಗೆ ಒಬ್ಬ ಹುಡುಗನ ಹತ್ತಿರ ಟೈಪ್ ಮಾಡಿಸಿದೆ. ಹದಿನೆಂಟೋ ಇಪ್ಪತ್ತೋ ಸಾವಿರ ಆಯಿತು. ಹೆಣ್ಣು ಹೆಸರಿಗೆ ಈ ದಾರಿ ಅರ್ಧ ಮಾತ್ರ, ತಾಯಿ ಹೆಸರು ಪಟ್ಟಿಯಲ್ಲಿ ಅಪರೂಪ. ಅದಕ್ಕೆ ಬೇರೆ ಜಾಗ ಇಟ್ಟುಕೊಂಡಿದ್ದೇನೆ. ಎಲ್ಲಿ ಅಂತ ಹೇಳಲ್ಲ.

ಊರೂರಿನ ಪಟ್ಟಿ ಪಕ್ಕಪಕ್ಕ ಇಟ್ಟರೆ ದೇವರು ಕಾಣುತ್ತಾರೆ. ನಾಗಮಂಗಲದ ಕಡೆ ಬೋರಯ್ಯ, ಬೋರಮ್ಮ. ಆದಿಚುಂಚನಗಿರಿ ಭೈರವನೇ ಅಲ್ಲಿ ಬೋರ. ಕೊಳ್ಳೇಗಾಲದ ಕಡೆ ಮಾದ, ಮಾದಮ್ಮ. ಶಿರಹಟ್ಟಿ ಸುತ್ತ ಫಕೀರಪ್ಪ, ಅಲ್ಲಿನ ಫಕೀರೇಶ್ವರ ಮಠದಿಂದ. ನಾಯಕನಹಟ್ಟಿ ಕಡೆ ತಿಪ್ಪೇಸ್ವಾಮಿ. ಆದರೆ ಎಲ್ಲ ತಿಪ್ಪಮ್ಮ, ತಿಪ್ಪಯ್ಯರೂ ದೇವರಿಂದ ಬಂದವರಲ್ಲ. ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆ ಮೇಲೆ ಹೊರಳಿಸಿ ಹಾಗೆ ಕರೆದಿದ್ದೂ ಇದೆ.

ಇಷ್ಟಾದರೂ ಜೋಯಿಸರು ಹುಟ್ಟಿದ ನಕ್ಷತ್ರದ ಪಾದ, ಅಂದರೆ ಕಾಲುಭಾಗ, ನೋಡಿ ಹೇಳುವ ಮೊದಲಕ್ಷರ ಅಡ್ಡ ಬರುತ್ತಿತ್ತು. ಹೀಗಾಗಿ ಪಟ್ಟಿಯನ್ನೇ ನಕ್ಷತ್ರದ ಪಾದಕ್ಕೆ ಜೋಡಿಸಿದೆ. ಅಶ್ವಿನಿಯ ‘ಚೆ’ಗೆ ಚೆಲುವಿ, ಚೆನ್ನಿ. ಪುನರ್ವಸುವಿನ ‘ಕೆ’ಗೆ ಕೆಂಪಿ. ರೋಹಿಣಿಯ ‘ಓ’ ಬಂದರೆ ಎಲ್ಲರೂ ಓಂಕಾರ್, ಓಜಸ್ ಅಂತ ತಡಕಾಡುತ್ತಾರೆ. ನನ್ನ ಹತ್ತಿರ ಅಹೋಬಲದ ನರಸಿಂಹನಿಂದ ಬಂದ ಓಬಳ ಇದ್ದಾನೆ, ಓಬವ್ವ ಇದ್ದಾಳೆ. ಚಿತ್ರದುರ್ಗ ಮೂಲದವರಿಗೆ ಓಬವ್ವನನ್ನು ವಿವರಿಸಬೇಕಾ? ಆರ್ದ್ರೆಯ ‘ಙ’ ಬಂದರೆ ಮಾತ್ರ ನಾನೂ ಕೈ ಮುಗಿಯುತ್ತೇನೆ.

ನಡುವೆ ಸುಮ್ನೆ ತುಳುನಾಡಿನ ವಾರದ ಹೆಸರುಗಳನ್ನೂ ಕೂಡಿಸಿದೆ. ಭಾನುವಾರ ಹುಟ್ಟಿದರೆ ಐತ, ಮಂಗಳವಾರ ಅಂಗಾರ, ಶುಕ್ರವಾರ ತುಕ್ರ, ಶನಿವಾರ ತನಿಯ. ಮಂಗಳೂರು ಕಡೆಯ ಒಬ್ಬರು ಫೋನಿನಲ್ಲೇ ತರಾಟೆಗೆ ತೆಗೆದುಕೊಂಡರು. ‘ಈ ಹೆಸರಿಗೆ ಶಾಲೆಯಲ್ಲಿ ನಗಿಸಿಕೊಂಡವರು ನಮ್ಮ ದಲಿತ ಮನೆಯ ಮಕ್ಕಳು. ಈಗ ನೀವು ಫ್ಯಾಷನ್ ಅಂತ ಮಾರ್ತೀರಾ?’ ಅವರ ಮಾತು ನ್ಯಾಯ. ಆ ಪಟ್ಟಿಯನ್ನು ಆ ಮನೆಗಳವರೇ ಕೇಳಿದರೆ ಕೊಡುತ್ತೇನೆ, ದುಡ್ಡಿಲ್ಲದೆ.

ಬೇಡ ಅನ್ನುವವರು ಯಾರು ಗೊತ್ತಾ? ಅಜ್ಜಿಯರು. ಮಗ ಸೊಸೆ ಚೆಲುವಿ ಅಂದರೆ, ‘ನಮಗಂತೂ ಗತಿ ಇರಲಿಲ್ಲ, ಮಗೀಗಾದ್ರೂ ಚೆಂದದ್ದು ಇಡ್ರಪ್ಪ’ ಅನ್ನುತ್ತಾರೆ. ಆಗ ಅಜ್ಜಿಯ ತವರೂರಿನ ಪಟ್ಟಿ ತೆರೆದು, ಅವರ ಅಣ್ಣನ ಹೆಸರಿನ ಕೆಳಗಿರುವ ತಂದೆಯ ಹೆಸರನ್ನು ಜೋರಾಗಿ ಓದುತ್ತೇನೆ. ಅಲ್ಲಿಂದ ಮಾತೆಲ್ಲ ಅವರದೇ. ಅವರ ಅಪ್ಪ, ಅವ್ವ, ದೊಡ್ಡಮ್ಮಂದಿರ ಹೆಸರೆಲ್ಲ ಬರುತ್ತವೆ, ನಾನು ಬರೆದುಕೊಳ್ಳುತ್ತೇನೆ.

ಅವಸರವೂ ಬೇಡ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ನಿಜ. ಹೆಸರನ್ನು ಒಂದು ವರ್ಷದವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. ನಾಮಕರಣಕ್ಕೆ ಎರಡು ದಿನ ಇದೆ ಅಂತ ಬರುವವರಿಂದ ನಾನು ಮುಂಗಡ ತಗೊಳ್ಳುವುದಿಲ್ಲ.