ಕೊಟ್ಟಿಗೆ ತಣ್ಣಗಾಗಬೇಕಾದ್ದು ರಾತ್ರಿ

ಬಿಸಿಗಾಳಿಯ ಎಚ್ಚರಿಕೆ ಬಂದರೆ ಎಲ್ಲರೂ ನೋಡುವುದು ನಾಳೆ ಮಧ್ಯಾಹ್ನ ಎಷ್ಟು ಡಿಗ್ರಿ ಅಂತ. ನಾನು ಮೊದಲು ನೋಡುವುದು ರಾತ್ರಿ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದನ್ನು. ಹಗಲು 41 ಇರಲಿ, ರಾತ್ರಿ 20-21ಕ್ಕೆ ಇಳಿದರೆ ನನ್ನ ದನಗಳು ಹೇಗೋ ಸುಧಾರಿಸಿಕೊಳ್ಳುತ್ತವೆ. ಹಗಲು ಬರೀ 37 ಇದ್ದು, ರಾತ್ರಿಯೂ 28ರ ಕೆಳಗೆ ಇಳಿಯದೆ ಸೆಕೆ ಕೂತುಬಿಟ್ಟರೆ ನನಗೆ ಭಯ. ಹಸು, ಎಮ್ಮೆ, ಆಡು, ಕುರಿ, ಕೋಳಿ, ನಾಯಿ, ಬೆಕ್ಕು ಎಲ್ಲವನ್ನೂ ಒಂದೇ ಅಂಗಳದಲ್ಲಿ ಸಾಕಿ ನನಗೆ ಮನವರಿಕೆಯಾದದ್ದು ಇಷ್ಟು: ಪ್ರಾಣಿಯ ಮೈ ಬಿಸಿಯಾಗುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಆ ಬಿಸಿ ಹೊರಗೆ ಹೋಗಲು ದಾರಿ ಮಾಡಿಕೊಡಬಹುದು. ಆ ದಾರಿ ಒಂದೊಂದು ಪ್ರಾಣಿಗೆ ಒಂದೊಂದು ಥರ.

ಹಸುವಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಬೇಸಿಗೆಯ ಅರ್ಧ ಕೆಲಸ ಅದರದ್ದೇ. ಹಸುವಿನ ಮೈ ಬಿಸಿ ಸಾಮಾನ್ಯವಾಗಿ 38.5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಬಿಸಿಗಾಳಿಯ ದಿನಗಳಲ್ಲಿ ಅದು ಅತಿ ಹೆಚ್ಚು ಏರುವುದು ನಡುಮಧ್ಯಾಹ್ನ ಅಲ್ಲ, ಇಳಿಹೊತ್ತು ಮತ್ತು ಮುಸ್ಸಂಜೆ. ಹಗಲಿಡೀ ಕೂಡಿಟ್ಟ ಬಿಸಿ ಆಗ ಒಟ್ಟಿಗೆ ಕಾಣಿಸಿಕೊಳ್ಳುತ್ತದೆ. ಅದನ್ನು ರಾತ್ರಿ ಹೊರಹಾಕಲು ಆಗದಿದ್ದರೆ ಮಾರನೇ ದಿನ ಬೆಳಿಗ್ಗೆ ಹಸು ಬಿಸಿ ಮೈಯಲ್ಲೇ ಎದ್ದು ನಿಲ್ಲುತ್ತದೆ. ಹಾಲು ಕಡಿಮೆಯಾಗುವುದು ಮಾತ್ರ ಕೂಡಲೇ ಗೊತ್ತಾಗುವುದಿಲ್ಲ. ಇವತ್ತಿನ ಪೆಟ್ಟು ಕಾಣುವುದು ಒಂದೆರಡು ದಿನ ಬಿಟ್ಟು. "ಇವತ್ತು ತಂಪಾಗಿತ್ತಲ್ಲ, ಯಾಕೆ ಹಾಲು ಇಳಿಯಿತು?" ಅಂತ ಕೇಳುವವರಿಗೆ ನಾನು ಮೊನ್ನೆಯ ರಾತ್ರಿ ಹೇಗಿತ್ತು ಅಂತ ಕೇಳುತ್ತೇನೆ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಹಸುವಿನ ಹೊಟ್ಟೆಯೇ ಒಂದು ಒಲೆ. ಮೇವು ಅಲ್ಲಿ ಹುದುಗುವಾಗ ಬಿಸಿ ಹುಟ್ಟುತ್ತದೆ, ಅದೂ ತಿಂದ ಕೂಡಲೇ ಅಲ್ಲ, ಕೆಲವು ಗಂಟೆ ಕಳೆದ ಮೇಲೆ ಜೋರಾಗುತ್ತದೆ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಹೊಟ್ಟೆ ತುಂಬ ಒಣಹುಲ್ಲು ಹಾಕಿದರೆ ಒಳಗಿನ ಒಲೆ ಮತ್ತು ಹೊರಗಿನ ಬಿಸಿಲು ಎರಡೂ ಒಟ್ಟಿಗೆ ಉರಿಯುತ್ತವೆ. ಹಾಗಾಗಿ ಬೇಸಿಗೆಯಲ್ಲಿ ನಮ್ಮ ಗೋದಲಿಯ ಗಡಿಯಾರವೇ ಬೇರೆ. ಬೆಳಕು ಹರಿಯುವ ಮೊದಲು ಒಂದು ಪಾಲು, ಹೊತ್ತು ಮುಳುಗಿ ಗಾಳಿ ಆಡಲು ಶುರುವಾದ ಮೇಲೆ ಉಳಿದ ದೊಡ್ಡ ಪಾಲು. ಮಧ್ಯಾಹ್ನ ಸುಮ್ನೆ ಮೆಲುಕು ಹಾಕಿಕೊಂಡಿರಲಿ. ಇದ್ದಷ್ಟು ಹಸಿ ಮೇವನ್ನು ಈ ದಿನಗಳಿಗೇ ಅಂತ ಉಳಿಸಿಕೊಳ್ಳುತ್ತೇನೆ. ಒರಟು ಹುಲ್ಲು ಬಿಸಿ ಮಾಡುತ್ತದೆ ಅಂತ ಅದನ್ನು ಪೂರ್ತಿ ನಿಲ್ಲಿಸಿ ಹಿಂಡಿ, ಕಾಳು ಸುರಿಯಬೇಡಿ. ಹೊಟ್ಟೆ ಹುಳಿಯಾಗಿ ಬೇರೆಯದೇ ರಗಳೆ ಶುರುವಾಗುತ್ತದೆ.

ಹಸುವಿಗೆ ಸೆಕೆ ತಾಗಿದೆಯೇ ಇಲ್ಲವೇ ಅಂತ ತಿಳಿಯಲು ಗೋಡೆಯ ಥರ್ಮಾಮೀಟರಿಗಿಂತ ಪಕ್ಕೆ ನೋಡುವುದು ಒಳ್ಳೆಯದು. ಅದು ಏಳುವುದು ಇಳಿಯುವುದು ಸೇರಿ ಒಂದು ಉಸಿರು. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುತ್ತೇನೆ. ನಿಮಿಷಕ್ಕೆ 60 ದಾಟಿದರೆ ಹಸು ಕಷ್ಟಪಡುತ್ತಿದೆ. 80 ದಾಟಿದರೆ ಬೇರೆ ಕೆಲಸ ಬಿಟ್ಟು ಅದರ ಹತ್ತಿರ ಹೋಗಬೇಕು. ಬಾಯಿ ತೆರೆದು, ನಾಲಿಗೆ ಚಾಚಿ, ಜೊಲ್ಲು ಸುರಿಸುತ್ತಿದ್ದರೆ ಎಣಿಸುತ್ತಾ ಕೂರುವ ಹೊತ್ತಲ್ಲ, ನೀರು ಹಾಕುತ್ತಾ ಪಶುವೈದ್ಯರಿಗೆ ಫೋನ್ ಮಾಡಬೇಕು. ಇನ್ನೊಂದು ಗುರುತು, ಮಲಗಬೇಕಾದ ಹೊತ್ತಿನಲ್ಲಿ ಹಸುಗಳೆಲ್ಲ ನಿಂತೇ ಇರುತ್ತವೆ. ನಿಂತರೆ ಮೈಯ ಸುತ್ತ ಗಾಳಿ ಆಡುತ್ತದೆ ಅಂತ ಅವಕ್ಕೆ ಗೊತ್ತು.

ನೀರು ಹಾಕುವುದರಲ್ಲೂ ಒಂದು ಕ್ರಮ ಇದೆ. ಹಸು ಬೆವರುತ್ತದೆ, ಆದರೆ ಆ ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ನಾವು ಹಾಕಿದ ನೀರೂ ಅಷ್ಟೇ. ತಂಪು ಮಾಡುವುದು ನೀರಲ್ಲ, ನೀರು ಆರುವುದು. ಮಂಜಿನಂತೆ ಸಣ್ಣಗೆ ಸಿಂಪಡಿಸಿದರೆ ಕೂದಲ ತುದಿಯಲ್ಲಿ ಕೂತುಬಿಡುತ್ತದೆ, ಚರ್ಮಕ್ಕೆ ಇಳಿಯುವುದೇ ಇಲ್ಲ. ನಾನು ಪೈಪು ಹಿಡಿದು ಕತ್ತು, ಹೆಗಲು, ಬೆನ್ನು ಚರ್ಮದವರೆಗೆ ನೆನೆಯುವಂತೆ ಹಾಕಿ, ನೀರು ನಿಲ್ಲಿಸಿ ಫ್ಯಾನ್ ಬಿಡುತ್ತೇನೆ. ಆರಿದ ಮೇಲೆ ಮತ್ತೆ ನೆನೆಸುತ್ತೇನೆ. ಗಾಳಿ ಇಲ್ಲದ ಕೊಟ್ಟಿಗೆಯಲ್ಲಿ ಬರೀ ನೀರು ಹಾಕುತ್ತಾ ಹೋದರೆ ತೇವ ತುಂಬಿ ಮೊದಲಿಗಿಂತ ಕಷ್ಟ. ಕೆಚ್ಚಲಿನ ಮೇಲೆ ನೀರು ಇಳಿಯದಂತೆ, ಮಲಗುವ ಜಾಗ ಕೆಸರಾಗದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಸೆಕೆ ಹೋಗಿ ಕೆಚ್ಚಲು ಬಾವು ಬರುತ್ತದೆ. ಇದೆಲ್ಲ ಮಧ್ಯಾಹ್ನ ಒಮ್ಮೆ ಮಾಡಿ ಮುಗಿಸುವವರು ಜಾಸ್ತಿ. ನನ್ನ ಮಟ್ಟಿಗೆ ಮುಖ್ಯವಾದದ್ದು ಸಂಜೆಯ ಕರೆಯುವ ಹೊತ್ತಿನದ್ದು, ಆಮೇಲೆ ಊಟ ಮುಗಿಸಿ ಮಲಗುವ ಮುಂಚಿನದ್ದು. ಆಗ ಹೊರಗಿನ ಗಾಳಿ ಸ್ವಲ್ಪವಾದರೂ ತಣ್ಣಗಿರುತ್ತದೆ, ಮೈಯ ಬಿಸಿ ಬೇಗ ಬಿಡುತ್ತದೆ. ರಾತ್ರಿ ಗಾಳಿ ಚೆನ್ನಾಗಿದ್ದರೆ ಕೊಟ್ಟಿಗೆಯೊಳಗೆ ಕಟ್ಟುವುದೇ ಇಲ್ಲ, ಬಯಲಲ್ಲೇ ಬಿಡುತ್ತೇನೆ. ತಗಡಿನ ಸೂರು ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತದೆ ನಿಜ, ಆದರೆ ಗೋಡೆಗಳು ಹಗಲಿನ ಬಿಸಿಯನ್ನು ನಡುರಾತ್ರಿಯವರೆಗೂ ಉಗುಳುತ್ತಲೇ ಇರುತ್ತವೆ.

ಸೂರಿನ ಬಗ್ಗೆ ಬಂದದ್ದಕ್ಕೆ ಹೇಳುತ್ತೇನೆ. ತಗಡಿನ ಮೇಲ್ಭಾಗಕ್ಕೆ ದಪ್ಪಗೆ ಸುಣ್ಣ ಬಳಿದರೆ ಬಿಸಿಲು ತಿರುಗಿ ಹೋಗುತ್ತದೆ. ಖರ್ಚು ಕಡಿಮೆ, ಪರಿಣಾಮ ಕೈಗೆ ಗೊತ್ತಾಗುವಷ್ಟು. ಒಣಹುಲ್ಲು ಹರಡುವವರೂ ಇದ್ದಾರೆ. ಬೆಂಕಿ ಕಿಡಿಯ ಭಯಕ್ಕೆ ನಾನು ಹರಡುವುದಿಲ್ಲ. ಸೂರಿನ ತುದಿಯಲ್ಲಿ ಬಿಸಿಗಾಳಿ ಹೊರಹೋಗಲು ಸಂದು ಬೇಕು, ಪಕ್ಕದ ಗೋಡೆ ತೆರೆದಿರಬೇಕು. ಬಿಸಿಲು ಬೀಳುತ್ತದೆ ಅಂತ ನಾಲ್ಕೂ ಕಡೆ ಟಾರ್ಪಾಲು ಕಟ್ಟಿ ಗಾಳಿಯನ್ನೇ ಕಟ್ಟಿಹಾಕುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ದೊಡ್ಡ ಮರದ ನೆರಳಿಗೆ ಸಮ ಆಗುವುದಿಲ್ಲ. ಎಲೆಗಳು ನೀರನ್ನು ಆವಿ ಮಾಡುತ್ತಿರುವುದರಿಂದ ಅಲ್ಲಿನ ಗಾಳಿಯೇ ತಂಪು.

ಕುಡಿಯುವ ನೀರು: ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ. ಚೆನ್ನಾಗಿ ಕರೆಯುವ ಹಸು ಇಂಥ ದಿನಗಳಲ್ಲಿ ನೂರು ಲೀಟರ್ ಕುಡಿದರೂ ಆಶ್ಚರ್ಯ ಇಲ್ಲ. ಹೊತ್ತಿಗೊಮ್ಮೆ ಬಕೆಟ್ ತೋರಿಸಿದರೆ ಸಾಲುವುದಿಲ್ಲ, ತೊಟ್ಟಿಯಲ್ಲಿ ಸದಾ ಇರಬೇಕು, ಅದೂ ನೆರಳಲ್ಲಿ. ಬಿಸಿಲಲ್ಲಿ ಬಿದ್ದ ಪೈಪಿನಲ್ಲಿ ನಿಂತ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ಗಿಡಕ್ಕೆ ಕೂಡ ಬಿಡದೆ ಬೇರೆ ಕಡೆ ಹರಿಸಿ, ಆಮೇಲೆ ತೊಟ್ಟಿಗೆ ತಿರುಗಿಸುತ್ತೇನೆ. ಕರೆದ ಕೂಡಲೇ ಹಸು ತುಂಬಾ ಕುಡಿಯುತ್ತದೆ, ಆ ಹೊತ್ತಿಗೆ ತೊಟ್ಟಿ ತುಂಬಿರಲೇಬೇಕು. ಬೆವರಿನಲ್ಲಿ ಉಪ್ಪಿನಂಶವೂ ಹೋಗುವುದರಿಂದ ನೆಕ್ಕಲು ಉಪ್ಪಿನ ಇಟ್ಟಿಗೆ ಕಟ್ಟಿರುತ್ತೇನೆ.

ಕರೆಯದ ಗಬ್ಬದ ಹಸುವನ್ನು ಎಲ್ಲರೂ ಮರೆಯುತ್ತಾರೆ. ಹಾಲಿಲ್ಲ, ಹಾಗಾಗಿ ಫ್ಯಾನೂ ಇಲ್ಲ, ನೀರೂ ಇಲ್ಲ, ಮೂಲೆಯಲ್ಲಿ ಕಟ್ಟಿರುತ್ತಾರೆ. ಆದರೆ ಕರು ಹಾಕುವ ಮುಂಚಿನ ಆ ಎರಡು ತಿಂಗಳು ಸೆಕೆಯಲ್ಲಿ ಬೆಂದ ಹಸು ಮುಂದಿನ ಸೂಲಿನಲ್ಲಿ ಹಾಲು ಕಡಿಮೆ ಕೊಡುತ್ತದೆ, ಕರುವೂ ಸಣ್ಣದಾಗಿ ಹುಟ್ಟುತ್ತದೆ. ನನ್ನ ಕೊಟ್ಟಿಗೆಯಲ್ಲಿ ಒಳ್ಳೆಯ ಗಾಳಿ ಬರುವ ಜಾಗ ಅವುಗಳದ್ದು. ತಳಿಯ ವ್ಯತ್ಯಾಸವೂ ಇದೆ. ಹಿಣಿಲಿರುವ ದನಗಳು ಸೆಕೆ ಚೆನ್ನಾಗಿ ತಡೆಯುತ್ತವೆ. ಕಪ್ಪು ಬಿಳಿ ಮಚ್ಚೆಯ ಹಾಲ್‌ಸ್ಟೈನ್‌ಗೆ 25 ಡಿಗ್ರಿ ದಾಟಿದರೇ ಕಿರಿಕಿರಿ ಶುರು.

ಎಮ್ಮೆಗೆ ಹಸುವಿನ ಲೆಕ್ಕ ನಡೆಯುವುದಿಲ್ಲ. ಕಪ್ಪು ಚರ್ಮ, ತೆಳ್ಳನೆ ಕೂದಲು, ಬೆವರಿನ ಗ್ರಂಥಿ ಹಸುವಿಗಿಂತ ಬಹಳ ಕಡಿಮೆ. ಬಿಸಿಲನ್ನು ಹೀರುತ್ತದೆ, ಬೆವರಿ ಬಿಡಲು ಆಗುವುದಿಲ್ಲ. ಅದು ಕೆಸರಿಗೆ ಬೀಳುವುದು ಸೋಮಾರಿತನದಿಂದ ಅಲ್ಲ, ಮೈಗೆ ಹತ್ತಿದ ಕೆಸರು ನಿಧಾನವಾಗಿ ಆರುತ್ತಾ ಗಂಟೆಗಟ್ಟಲೆ ತಂಪು ಕೊಡುತ್ತದೆ. ಕೆರೆ, ಹೊಂಡ ಇದ್ದರೆ ಮಧ್ಯಾಹ್ನ ಅಲ್ಲೇ ಬಿಟ್ಟುಬಿಡಿ, ಸಂಜೆ ಅದಾಗಿಯೇ ಎದ್ದು ಬರುತ್ತದೆ. ಹೊಂಡ ಬತ್ತಿದ ವರ್ಷ ನಾನು ಪೈಪಿನಲ್ಲಿ ಪದೇ ಪದೇ ಮೈ ತೋಯಿಸುತ್ತೇನೆ. ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬಂದದ್ದೂ ಗೊತ್ತಾಗುವುದಿಲ್ಲ. ಕೂಗುವುದಿಲ್ಲ, ಗಲಾಟೆ ಇಲ್ಲ. ರಾತ್ರಿ ಮತ್ತು ನಸುಕಿನಲ್ಲಿ ಕಣ್ಣಿಟ್ಟು ನೋಡಿದರೆ ಮಾತ್ರ ಸುಳಿವು ಸಿಗುತ್ತದೆ.

ಆಡುಗಳು ನನಗೆ ಕಡಿಮೆ ತೊಂದರೆ ಕೊಡುವವು. ನೆರಳು, ನೀರು ಇದ್ದರೆ ಅವುಗಳ ಪಾಡು ಅವು ನೋಡಿಕೊಳ್ಳುತ್ತವೆ. ಕುರಿಗಳು ಮಾತ್ರ ನೆರಳಿಲ್ಲದ ಬಯಲಿನಲ್ಲಿ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ಗುಂಪುಗಟ್ಟಿ ನಿಂತುಬಿಡುತ್ತವೆ. ತಲೆಗೆ ನೆರಳು ಸಿಗುತ್ತದೆ, ಆದರೆ ಗುಂಪಿನ ನಡುವೆ ಗಾಳಿಯೇ ಆಡುವುದಿಲ್ಲ. ಹಾಗೆ ನಿಂತಿದ್ದರೆ ಚದುರಿಸಿ ಮರದ ಕೆಳಗೆ ಕರೆದುಕೊಂಡು ಹೋಗಬೇಕು.

ಬಿಸಿಗಾಳಿಗೆ ಎಲ್ಲಕ್ಕಿಂತ ಬೇಗ ಸಾಯುವುದು ಕೋಳಿ. ಅದರ ಮೈ ಬಿಸಿ ಮೊದಲೇ 41-42 ಡಿಗ್ರಿ, ಬೆವರಿನ ಗ್ರಂಥಿ ಒಂದೂ ಇಲ್ಲ. ಬಾಯಿ ತೆರೆದು ಏದುಸಿರು ಬಿಡುವುದು, ರೆಕ್ಕೆ ಮೈಯಿಂದ ದೂರ ಎತ್ತಿ ಹಿಡಿಯುವುದು, ಜುಟ್ಟು ಮತ್ತು ಕಾಲಿನಿಂದ ಬಿಸಿ ಬಿಡುವುದು, ಇಷ್ಟೇ ಅದಕ್ಕಿರುವ ದಾರಿ. ಮಾಂಸಕ್ಕೆ ಸಾಕುವ ಭಾರದ ಕೋಳಿಗಳು ಮೊದಲು ಉರುಳುತ್ತವೆ. ನಾನು ಬಿಸಿಲೇರುವ ಮುಂಚೆಯೇ ಮೇವಿನ ತಟ್ಟೆ ತೆಗೆದುಬಿಡುತ್ತೇನೆ, ಮತ್ತೆ ಇಡುವುದು ಸಂಜೆ. ನೀರು ಮಾತ್ರ ಎಲ್ಲಿ ತಿರುಗಿದರೂ ಸಿಗಬೇಕು. ಕಾದ ನೀರನ್ನು ಕೋಳಿ ಮುಟ್ಟುವುದಿಲ್ಲ, ಹಾಗಾಗಿ ಪದೇ ಪದೇ ಬದಲಿಸಬೇಕು. ಅಗಲವಾದ ತಟ್ಟೆಯಲ್ಲಿ ಕಾಲು ಮುಳುಗುವಷ್ಟು ನೀರಿಟ್ಟರೆ ಕೆಲವು ಅದರಲ್ಲೇ ನಿಂತಿರುತ್ತವೆ. ಮಧ್ಯಾಹ್ನ ಗೂಡಿಗೆ ಹೋಗಿ ಮೊಟ್ಟೆ ಆರಿಸುವುದು, ಹಿಡಿದು ಔಷಧಿ ಹಾಕುವುದು ಬೇಡ. ಗಾಬರಿಯಿಂದ ಓಡಾಡಿದರೆ ಮೈ ಇನ್ನಷ್ಟು ಕಾಯುತ್ತದೆ. ಈ ದಿನಗಳಲ್ಲಿ ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ, ಮುಟ್ಟಿದರೆ ಒಡೆಯುವಷ್ಟು. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗಿ, ಚಿಪ್ಪು ಕಟ್ಟಲು ಬೇಕಾದ ಅಂಶ ರಕ್ತದಲ್ಲಿ ಕಡಿಮೆಯಾಗುವುದು ಒಂದು ಕಾರಣ. ಅದಕ್ಕೇ ಸುಣ್ಣದಂಶ ಎಷ್ಟು ತಿನ್ನಿಸಿದರೂ ಗಾಳಿ ಬಾರದ ಗೂಡಿನಲ್ಲಿ ಚಿಪ್ಪು ಸುಧಾರಿಸುವುದಿಲ್ಲ.

ನಾಯಿ ಬಿಸಿ ಬಿಡುವುದು ನಾಲಿಗೆಯಿಂದ, ಅಂದರೆ ತೇಕುವುದರಿಂದ. ಪಾದದ ಅಡಿಯಲ್ಲಿ ಸ್ವಲ್ಪ ಬೆವರುತ್ತದೆ, ಅದು ಲೆಕ್ಕಕ್ಕಿಲ್ಲ. ನಮ್ಮ ನಾಯಿ ಬೇಸಿಗೆಯಲ್ಲಿ ಮರದ ಬುಡ ತೋಡಿ ತಣ್ಣನೆ ಮಣ್ಣಿನಲ್ಲಿ ಹೊಟ್ಟೆ ಒತ್ತಿ ಮಲಗುತ್ತದೆ. ಗಿಡ ಹಾಳಾಗುತ್ತದೆ ಅಂತ ಮನೆಯವರಿಗೆ ಬೇಜಾರು, ನಾನು ನಾಯಿಯ ಪಕ್ಷ. ಹಗಲು ಅದನ್ನು ಕಟ್ಟುವುದಿಲ್ಲ. ನೆರಳು ಸರಿದಂತೆ ನಾಯಿಯೂ ಸರಿಯಬೇಕು, ಸರಪಳಿ ಸರಿಯುವುದಿಲ್ಲ ಅಲ್ವಾ. ತಿರುಗಾಟಕ್ಕೆ ಕರೆದೊಯ್ಯುವ ಮುಂಚೆ ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ನೋಡುತ್ತೇನೆ. ಐದಾರು ಸೆಕೆಂಡು ಇಡಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ.

ಮೂತಿ ಚಪ್ಪಟೆ ಇರುವ ನಾಯಿಗಳಿಗೆ, ದಪ್ಪ ನಾಯಿಗಳಿಗೆ, ಮುದಿ ನಾಯಿಗಳಿಗೆ ಅಪಾಯ ಜಾಸ್ತಿ. ಬಿಡದೆ ತೇಕುವುದು, ಒಸಡು ಕಡುಕೆಂಪಾಗುವುದು, ತೂರಾಡುವುದು, ವಾಂತಿ, ಇವು ಕಂಡರೆ ಮೊದಲು ತಂಪು ಮಾಡಬೇಕು, ಆಮೇಲೆ ವೈದ್ಯರಲ್ಲಿಗೆ ಹೊರಡಬೇಕು. ಮೈಗೆ ನೀರು ಸುರಿದು ಗಾಳಿ ಹಾಕಿ. ಒದ್ದೆ ಟವಲು ಹೊದಿಸಿ ಹಾಗೇ ಬಿಡಬೇಡಿ, ಅದು ಸ್ವಲ್ಪ ಹೊತ್ತಿಗೆ ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ. ಎಚ್ಚರ ಇಲ್ಲದ ನಾಯಿಯ ಬಾಯಿಗೆ ನೀರು ಹಾಕಿದರೆ ಶ್ವಾಸಕ್ಕೆ ಹೋಗುತ್ತದೆ. ಮೈ ಬಿಸಿ 39.5ರ ಹತ್ತಿರ ಇಳಿದ ಕೂಡಲೇ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ತೀರಾ ತಣ್ಣಗಾಗುತ್ತದೆ. ಎದ್ದು ಬಾಲ ಅಲ್ಲಾಡಿಸಿದರೂ ವೈದ್ಯರಿಗೆ ತೋರಿಸಿ. ಮೂತ್ರಪಿಂಡ, ಯಕೃತ್ತಿಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಹೊರಬೀಳಬಹುದು.

ಬೆಕ್ಕಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಮನೆಯಲ್ಲಿ ಅತಿ ತಂಪಾದ ಜಾಗ ಯಾವುದು ಅಂತ ಅದಕ್ಕೆ ನಮಗಿಂತ ಮೊದಲೇ ಗೊತ್ತಿರುತ್ತದೆ. ಮೈ ನೆಕ್ಕಿ ನೆಕ್ಕಿ ಎಂಜಲಿನಿಂದಲೇ ತಂಪು ಮಾಡಿಕೊಳ್ಳುತ್ತದೆ. ಆದರೆ ನಾಯಿ ತೇಕಿದಂತೆ ಬೆಕ್ಕು ಬಾಯಿ ತೆರೆದು ತೇಕಿದರೆ ಅದನ್ನು ಸಹಜ ಅಂದುಕೊಳ್ಳಬೇಡಿ.

ತೊಟ್ಟಿಯ ತೇವ, ಹುಲ್ಲಿನ ರಾಶಿಯ ತಂಪು ಹುಡುಕಿಕೊಂಡು ಹಾವೂ ಬರುತ್ತದೆ. ಬೇಸಿಗೆಯ ರಾತ್ರಿ ಟಾರ್ಚ್ ಇಲ್ಲದೆ ನಾನು ಕೊಟ್ಟಿಗೆಗೆ ಕಾಲಿಡುವುದಿಲ್ಲ. ಹಕ್ಕಿಗಳಿಗೆ, ಜೇನಿಗೆ ಅಗಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ನಡುವೆ ಕಲ್ಲು ಹಾಕುತ್ತೇನೆ. ಕಲ್ಲಿಲ್ಲದಿದ್ದರೆ ಜೇನುಹುಳ ಬಿದ್ದು ಸಾಯುತ್ತವೆ. ಸೊಳ್ಳೆ ಮರಿ ಆಗದಂತೆ ಆ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ತುಂಬಬೇಕು.

ಇನ್ನೊಂದು ಅಪಾಯ ಸೆಕೆ ಮುಗಿಯುವಾಗ ಬರುತ್ತದೆ. ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ, ಕಟಾವಾದ ಜೋಳದ ಕೂಳೆ ಮಳೆ ಬಿದ್ದು ಚಿಗುರಿದಾಗ ಆ ಚಿಗುರಿನಲ್ಲಿ, ಸಯನೈಡ್ ವಿಷ ಇರುತ್ತದೆ. ತಿಂಗಳುಗಟ್ಟಲೆ ಒಣಮೇವು ತಿಂದ ದನ ಆ ಹಸಿರು ಕಂಡರೆ ಹಗ್ಗ ಕಿತ್ತುಕೊಂಡು ಹೋಗುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಏದುಸಿರು, ನಡುಕ, ನೆಲಕ್ಕೆ ಬೀಳುವುದು. ವೈದ್ಯರು ಕೂಡಲೇ ಬಂದು ಚುಚ್ಚುಮದ್ದು ಕೊಟ್ಟರೆ ಮಾತ್ರ ಉಳಿಯುತ್ತದೆ. ಚೆನ್ನಾಗಿ ಬೆಳೆದು ಹೂ ಬಿಡುವವರೆಗೆ ಆ ಹೊಲದ ಕಡೆ ನನ್ನ ದನ ಹೋಗುವುದಿಲ್ಲ. ಮೊದಲ ಮಳೆ ಬಿದ್ದ ದಿನವೇ ಬೇಲಿ ಒಮ್ಮೆ ಸುತ್ತಿ ನೋಡಿ, ಸಡಿಲಾದ ಗೂಟಗಳನ್ನು ಬಡಿದು ಬಿಗಿ ಮಾಡಿ ಬರುತ್ತೇನೆ.